ತುಟಿಗೇಡಿ

ಮತಾನ್‌ನಲ್ಲಿ ಏಪ್ರಿಲ್ ಅಂದರೆ
ನದಿಯ ಮೇಲೆ ಇನ್ನೂ ಒಡೆದ ಪಿಂಗಾಣಿ.
ಸೀಗಡಿ ಕಾರ್ಖಾನೆಯ ಪಾಳಿ ಮುಗಿಸಿ
ರಬ್ಬರು ಬೂಟಿನಲ್ಲೇ ಒಳಗೆ ಬಂದಳು ಜೆನಾಯೀದ್ ಪಾಕೆ.
ಅವಳಿಗಿಂತ ಮೊದಲು ಬಂದದ್ದು ವಾಸನೆ.
ಗಿಟಾರು ನೋಡುತ್ತಿದ್ದ ಇಬ್ಬರು
ಏನೋ ನೆನಪಾದವರಂತೆ ಹೊರಬಿದ್ದರು.

"ಒಂದು ತುಟಿಗೇಡಿ ಕೊಡು."

ನಮ್ಮ ಕಡೆಯ ಹಳಬರು ಬಾಯಿವಾದ್ಯಕ್ಕೆ ಇಟ್ಟ ಹೆಸರು ಅದು.
ಒಳಗಿನ ಮರ ಎಂಜಲು ಕುಡಿದು ಉಬ್ಬಿ
ಕುಣಿತ ಮುಗಿಯುವಷ್ಟರಲ್ಲಿ ತುಟಿ ಸುಲಿಯುತ್ತಿತ್ತಂತೆ.
ನನಗೆ ಹತ್ತೊಂಬತ್ತು. ಕೆಲಸಕ್ಕೆ ಸೇರಿ ಮೂರನೇ ವಾರ.
ಕ್ಯಾಟಲಾಗು ಬಾಯಿಪಾಠ.

ಶುರು ಮಾಡಿದೆ: ಇದು ಟ್ರೆಮೊಲೊ, ಮೇಡಂ,
ಒಂದೊಂದು ಸ್ವರಕ್ಕೂ ಎರಡೆರಡು ಹಿತ್ತಾಳೆ ನಾಲಗೆ,
ಒಂದನ್ನು ಕೂದಲೆಳೆಯಷ್ಟು ಏರಿಸಿರುತ್ತಾರೆ,
ಎರಡರ ಜಗಳವೇ ಈ ಕಂಪನ.
ಇದರಲ್ಲಿ ಜಗಳ ಜೋರು, ಅದರಲ್ಲಿ ಬರೀ ಗುಸುಗುಸು.

"ನನಗೆ ಜಗಳ ಕಲಿಸಬೇಡ ಮರಿ,
ನಾವು ಒಂಬತ್ತು ಮಕ್ಕಳು, ಮಂಚ ಎರಡು."

ಶ್ರುತಿ? "ಪಿಟೀಲಿನ ಅಡೆಲಾರ್ 'ರೇ' ಬಿಟ್ಟು ಆಚೆ ಹೋಗುವವನಲ್ಲ."
ರೇ ಶ್ರುತಿಯವು ಮೂರಿದ್ದವು. ಸಾಲಾಗಿ ಇಟ್ಟೆ.
ಸುಳ್ಳು ಹೇಳಬಾರದೆಂದು ಇದನ್ನೂ ಹೇಳಿದೆ:
ಕೆಳಗಿನ ಸ್ಥಾಯಿಯಲ್ಲಿ ಎರಡು ಸ್ವರ ಇರುವುದೇ ಇಲ್ಲ,
ಕಟ್ಟಿದವರೇ ಬಿಟ್ಟಿದ್ದಾರೆ.
"ಗೊತ್ತು. ಅಲ್ಲಿ ಕಾಲು ಹಾಕುತ್ತೇವೆ."

ಅಂಗಡಿಯಲ್ಲಿ ಯಾರೂ ಬಾಯಿ ಇಡುವ ಹಾಗಿಲ್ಲ,
ಯಜಮಾನ ತೇಬೆರ್ಜ್ ಗೋಡೆಗೆ ಬರೆದು ಅಂಟಿಸಿದ್ದ.
ಪರೀಕ್ಷೆಗೆ ಒಂದು ತಿದಿ, ಅಂಗೈಯಗಲದ್ದು.
ಒತ್ತಿದರೆ ಉಸಿರು, ಬಿಟ್ಟರೆ ಉಸಿರು,
ಅದಕ್ಕೆ ಊಟದ ರುಚಿ ಗೊತ್ತಿಲ್ಲ, ದಮ್ಮು ಹತ್ತುವುದೂ ಇಲ್ಲ.

ಅವಳು ಕುರ್ಚಿ ಎಳೆದು ಕೂತಳು. ಎರಡು ಕಾಲೂ ಆಡಿಸಿದಳು.
ಸದ್ದಿಲ್ಲ.
ನೆಲದ ತುಂಬ ಬೂದು ಕಾರ್ಪೆಟ್ಟು.
"ಈ ಅಂಗಡಿಗೆ ಕಿವಿ ಇಟ್ಟಿದ್ದೀರಿ, ಕಾಲು ಇಟ್ಟಿಲ್ಲ" ಎನ್ನುತ್ತ
ಕುರ್ಚಿ ಎತ್ತಿಕೊಂಡು ಹೊರಗೆ ಜಗಲಿಗೆ ನಡೆದಳು.
ಜಗಲಿಯದು ಮರದ ಹಲಗೆ. ಮೂಲೆಯಲ್ಲಿ ಕೊಳಕು ಹಿಮ.

ಅಲ್ಲಿಯೂ ಬರಲಿಲ್ಲ ಸದ್ದು. ರಬ್ಬರು.

ನನ್ನ ಪಾದ ನೋಡಿದಳು.
ಕೆಲಸ ಕೇಳಲು ಹೋಗುವಾಗ ಕೊಂಡ ಜೋಡು, ಗಟ್ಟಿ ಚರ್ಮದ ಅಟ್ಟೆ,
ಇನ್ನೂ ಕಂತು ತೀರಿರಲಿಲ್ಲ.
"ಬಿಚ್ಚು."

ಹಾಗೆ ನಾನು ಕಾಲುಚೀಲದಲ್ಲಿ ನಿಂತು ತಿದಿ ಒತ್ತಿದೆ,
ಎರಡು ಅಳತೆ ದೊಡ್ಡ ನನ್ನ ಜೋಡಿನಲ್ಲಿ
ಅವಳು ತಟ್ಟಿದಳು: ಟಕ ಟಕಟ, ಟಕ ಟಕಟ,
ಹಿಮ್ಮಡಿ ಮುಂಗಾಲು ಹಿಮ್ಮಡಿ,
ಮೇಲಿನ ಅರ್ಧ ಮೈ ಬಸ್ಸಿಗೆ ಕಾಯುವವಳ ಹಾಗೆ ನೆಟ್ಟಗೆ.

ಮೊದಲನೆಯದು. ದುಬಾರಿ, ಹೊಳೆಯುವಂಥದ್ದು.
"ಇದು ನಡುಗುತ್ತೆ, ಕುಣಿಯಲ್ಲ.
ನಡುಗೋದಕ್ಕೆ ನನ್ನ ಕೈ ಸಾಕು, ಎಂಟು ಗಂಟೆ ಐಸಿನಲ್ಲಿ."
ಎರಡನೆಯದಕ್ಕೆ ಬರೀ ತಲೆಯಾಡಿಸಿದಳು. "ಪಾದ್ರಿ."
ಮೂರನೆಯದರ ಡಬ್ಬಿ ಬಿಸಿಲಿಗೆ ಬಿಳಿಚಿಕೊಂಡಿತ್ತು,
ವಾಪಸು ಕಳಿಸುವ ಪಟ್ಟಿಯಲ್ಲಿತ್ತು.
ಒತ್ತಿದೆ.
ಎರಡು ನಾಲಗೆಯ ನಡುವೆ ಅಲೆ ಎದ್ದು ಬಿದ್ದು ಎದ್ದಿತು,
ಅವಸರವಿಲ್ಲ,
ಬಿದ್ದ ಕಡೆಯಲ್ಲೆಲ್ಲ ಅವಳ ಕಾಲಿತ್ತು.

ಎಷ್ಟು ಹೊತ್ತು ಒತ್ತಿದೆನೋ. ಬೆರಳಿಗೆ ಜೋಮು.
ಕಾಲುಚೀಲ ಒದ್ದೆಯಾದದ್ದು ಆಮೇಲೆ ತಿಳಿಯಿತು.
ಎದುರಿನ ಔಷಧಿ ಅಂಗಡಿಯ ಬಾಗಿಲಲ್ಲಿ
ಯಾರೋ ಚೀಟಿ ಹಿಡಿದು ನಿಂತೇ ಇದ್ದರು.

ದುಡ್ಡು ಎಣಿಸಿದಳು, ನೋಟಿಗೂ ಸೀಗಡಿ.
ಊದಿ ತೋರಿಸಲಿಲ್ಲ.
ಕೇಳಬೇಕೆನ್ನಿಸಿತು, ಗೋಡೆಯ ಬರಹ ನೆನಪಾಯಿತು.
ಏಪ್ರನ್ನಿನ ಜೇಬಿಗೆ ಹಾಕಿ, ಬೂಟು ಏರಿಸಿ
ಸದ್ದಿಲ್ಲದೆ ಇಳಿದು ಹೋದಳು.
ನನ್ನ ಜೋಡು ಬೆಚ್ಚಗಿತ್ತು.

ಆ ಸಂಜೆ ಗಲ್ಲಾ ಲೆಕ್ಕ ಹೊಂದಿಸಿ, ದೀಪ ಆರಿಸಿ,
ಕಾರ್ಪೆಟ್ಟಿನ ಒಂದು ಮೂಲೆ ಮಗುಚಿದೆ.
ಅಡಿಯಲ್ಲಿ ಹಲಗೆ ಇತ್ತು.