ಚೀಟಿಯಲ್ಲಿಲ್ಲದ ಚೊಂಬು

ಬೆಂಡಿಗೋದಲ್ಲಿ ಫೆಬ್ರವರಿಯೆಂದರೆ
ಕಾದ ಬಾಣಲೆ ಕವುಚಿಟ್ಟ ಆಕಾಶ.
ಕೆರೆಯ ತಳ ಕಾಣುತ್ತಿದೆಯಂತೆ.
ರೇಡಿಯೋದವನು ದಿನಾ ಶೇಕಡಾ ಹೇಳುತ್ತಾನೆ
ರೋಗಿಯ ನಾಡಿ ಹಿಡಿದವನ ದನಿಯಲ್ಲಿ.

ಪೈಪು ಹಿಡಿಯುವಂತಿಲ್ಲ, ಬಕೆಟ್ಟು ಮಾತ್ರ.
ಬೆಸ ನಂಬರಿನ ಮನೆಗೆ ಬುಧವಾರ, ಭಾನುವಾರ,
ಬೆಳಿಗ್ಗೆ ಆರರಿಂದ ಎಂಟು.
ನಂದು ಹದಿನೇಳು. ಹತ್ತೊಂಬತ್ತರ ವಿನಿಫ್ರೆಡ್ ಟ್ರೆಗೆಂಜಾ
ಸೊಂಟದ ಮೂಳೆ ಬದಲಿಸಿಕೊಳ್ಳಲು ಹೊರಟವಳು
ಬೀಗದ ಕೈಯ ಜೊತೆ ಚೀಟಿಯೊಂದ ಕೊಟ್ಟಳು:

ನಿಂಬೆಗೆ ಎರಡು ಬಕೆಟ್ಟು, ಬುಡಕ್ಕೆ, ನಿಧಾನ.
ಟೊಮೇಟೊಗೆ ಒಂದು. ಎಲೆ ತೋಯಿಸಬೇಡ.
ಜೆರೇನಿಯಂ ಮೊಂಡು ಜಾತಿ, ಬೈದರೂ ಸಾಕು.
ಗುಲಾಬಿ ಲೆನ್ ನೆಟ್ಟದ್ದು. ಬಿಟ್ಟುಬಿಡು.

ಕೊನೆಯ ಮಾತಿನ ಕೆಳಗೆ ಎರಡು ಗೆರೆ.
ಲೆನ್ ಕ್ಯಾರವಾನ್ ಕಟ್ಟಿಕೊಂಡು ಉತ್ತರಕ್ಕೆ ಹೋದನಂತೆ,
ಒಬ್ಬನೇ ಅಲ್ಲವಂತೆ.
ಪೋಸ್ಟಿನವಳು ಹೇಳಿದ್ದು, ನಾನು ಕೇಳಿದ್ದಲ್ಲ.

ಬಿಸಿನೀರು ಬರುವ ಮುಂಚಿನ ತಣ್ಣೀರಿಗೆ
ಷವರಿನಡಿ ಬಕೆಟ್ಟು.
ಅಕ್ಕಿ ತೊಳೆದದ್ದು ನನ್ನ ಬಸಳೆಗೆ,
ಮಷೀನಿನ ಕೊನೆಯ ಜಾಲಾಟ ಅವಳ ನಿಂಬೆಗೆ.
ಇಷ್ಟು ವರ್ಷ ಸಿಂಕಿಗೆ ಸುರಿದದ್ದಕ್ಕೆಲ್ಲ
ಈಗ ಹೆಸರು ಬಂತು.

ಒಣಗಿದ ಮಣ್ಣು ಮೊದಲು ಒಲ್ಲೆ ಅನ್ನುತ್ತದೆ.
ಹನಿ ಗೋಲಿಯಂತೆ ಉರುಳಿ ದೂಳು ಮೆತ್ತಿಕೊಳ್ಳುತ್ತದೆ.
ಒಂದು ಚೊಂಬು ಹುಯ್ದು ಕೂತಿರಬೇಕು,
ಮುನಿದ ಮಗುವಿನ ಮುಂದೆ ತುತ್ತು ಹಿಡಿದ ಹಾಗೆ.
ಆಮೇಲೆ ಗುಟುಕು. ಆಮೇಲೆ ಇನ್ನೊಂದು.

ಎರಡು ವಾರ ಚೀಟಿಯಂತೆಯೇ ನಡೆದೆ.
ಗುಲಾಬಿ ಬೇಲಿಗೊರಗಿತ್ತು, ಬರೀ ಮುಳ್ಳು.
ಮೂರನೆಯ ಭಾನುವಾರ
ಚೊಂಬಿನ ತಳದಲ್ಲಿ ಒಂದಿಷ್ಟು ಉಳಿಯಿತು.
ಉಳಿಯಿತೋ, ಉಳಿಸಿದೆನೋ.
ಅತ್ತಿತ್ತ ನೋಡಿದೆ. ದಂಡಕ್ಕೆ ಹೆದರಿ ಅಲ್ಲ,
ವಾರವೂ ಸರಿ, ಹೊತ್ತೂ ಸರಿ.
ಹುಯ್ದೆ.

ಮಾರ್ಚಿನಲ್ಲಿ ವಾಕರು ತಳ್ಳಿಕೊಂಡು ಬಂದಳು.
ನಿಂಬೆಕಾಯಿ ಎಣಿಸಿದಳು,
ಟೊಮೇಟೊ ಎಲೆಯ ಕಲೆಗೆ ನನ್ನನ್ನು ಬೈದಳು,
ಬೇಲಿಯ ಮೂಲೆಯಲ್ಲಿ ನಿಂತಳು.
ಹೆಬ್ಬೆರಳುದ್ದ ಕೆಂಪು ಚಿಗುರು.

"ಇದಕ್ಕೆ ಯಾರು?"

ನಾನು ಮೇಲೆ ನೋಡಿದೆ.
ಸುಳ್ಳಿಗೆ ಆಸರೆಯಾಗಲು
ಒಂದು ತುಂಡು ಮೋಡವೂ ಇರಲಿಲ್ಲ.
ಅವಳು ವಾಕರು ತಿರುಗಿಸಿಕೊಂಡು ಒಳಗೆ ಹೋದಳು.

ಬುಧವಾರ ಬೇಲಿಯಾಚೆ
ಬಕೆಟ್ಟಿನ ಹಿಡಿ ಕಿರ್ರೆಂದಿತು.
ಬಗ್ಗಲಾರದವಳು ನಿಂತಲ್ಲಿಂದಲೇ ಹುಯ್ಯುತ್ತಿದ್ದಳು,
ಯಾವುದಕ್ಕೋ.
ನಾನು ಇಣುಕಲಿಲ್ಲ.
ಬಸಳೆಗೆ ಇನ್ನೂ ಅರ್ಧ ಬಕೆಟ್ಟು ಬಾಕಿ,
ಎಂಟಾಗಲು ಹತ್ತು ನಿಮಿಷ.