ಬಟ್ಟಲಲ್ಲಿ ಏಳು ಒಣದ್ರಾಕ್ಷಿ

ಏಳೇ ತಂದಿದ್ದಳು ಮಹಾನಂದಾ, ಯೂನಿಫಾರ್ಮಿನ ಕಿಸೆಯಲ್ಲಿ.
ಎಣಿಸಿ ಕೊಟ್ಟವಳು ಅವ್ವ:
"ಶೆಡ್ಡಿನ್ಯಾಗಿಂದ ಎತ್ತಿದ್ದಲ್ಲ ಅಂತ ಹೇಳು,
ನೆಲಕ್ಕ ಬಿದ್ದಿದ್ದವು."

ಉಮದಿ ದಾಟಿ, ಬಸ್ಸು ತಿರುಗಿ ನಿಲ್ಲುವಲ್ಲಿ ನಮ್ಮ ಕನ್ನಡ ಶಾಲೆ.
ಪ್ರಯೋಗಶಾಲೆ ಎಂದರೆ ಕಪಾಟಿನ ಒಂದು ಖಾನೆ:
ಸೀಳು ಬಿಟ್ಟ ಬೀಕರು, ಮುಳ್ಳಿಲ್ಲದ ತಕ್ಕಡಿ,
ಹಿಡಿಕೆ ಸಡಿಲಾದ ಭೂತಗನ್ನಡಿ.
ಹಾಗಾಗಿ ಸ್ಟೀಲಿನ ಬಟ್ಟಲು, ಕೊಡದ ನೀರು.
ಪ್ರಾರ್ಥನೆಯ ಹೊತ್ತಿಗೆ ಮುಳುಗಿಸಿದ ಒಣದ್ರಾಕ್ಷಿ
ಊಟದ ಗಂಟೆಗೆ ಗಲ್ಲ ಉಬ್ಬಿಸಿ ಕೂತಿದ್ದವು.

"ತೂತ ಎಲ್ಲಿ ಅದ, ಬಾಯಾರ?"
ಅಶ್ಫಾಕ ಭೂತಗನ್ನಡಿ ಹಿಡಿದು ಹುಡುಕಿದ.
ಸಿಗಲಿಲ್ಲ.
ಸಿಗುವಂಥದ್ದಲ್ಲ.

ನಾನು ಕಲಿತದ್ದು ಗಡಿಯಾಚೆ, ಚಡಚಣದಲ್ಲಿ.
ನನ್ನ ಪುಸ್ತಕ ಅಭಿಸರಣ ಅಂದಿತ್ತು,
ಇವರ ಪುಸ್ತಕ ಪರಾಸರಣ ಅನ್ನುತ್ತದೆ.
ಎರಡನ್ನೂ ಬೋರ್ಡಿನ ಮೇಲೆ ಬರೆದು
ಮೊದಲನೆಯದರ ಕೆಳಗೆ ಗೆರೆ ಎಳೆದೆ.
ಕಾರಣ ಹೇಳಲಿಲ್ಲ. ಏಳನೆಯ ಇಯತ್ತೆಗೆ ಹೇಗೆ ಹೇಳುವುದು,
ಆ ಪದದೊಳಗೆ ಒಬ್ಬ ಹೆಣ್ಣಿದ್ದಾಳೆ,
ಗೆಜ್ಜೆ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು
ಕತ್ತಲಲ್ಲಿ ಹೊರಟವಳು.
ಯಾರೂ ಕರೆದಿಲ್ಲ.
ಎಲ್ಲಿ ತನ್ನ ಕೊರತೆಯೋ ಅಲ್ಲಿಗೆ.

ಪೊರೆ ಗೋಡೆಯಲ್ಲ ಅಂದೆ.
ನೀರು ಬೇಕೆನ್ನುವ ತಲೆ ಹೊರಗೆ, ನೀರಿಗಂಜುವ ಬಾಲ ಒಳಗೆ,
ಬಾಲಕ್ಕೆ ಬಾಲ ತಾಗಿಸಿ ನಿಂತ ಎರಡು ಸಾಲು ಜಿಡ್ಡು.
ಉಸಿರಿನ ಗಾಳಿ ಯಾರನ್ನೂ ಕೇಳದೆ ದಾಟುತ್ತದೆ.
ನೀರಿಗೆ ತನ್ನದೇ ಕಿರುಗಂಡಿ; ಅಲ್ಲಿ
ಒಂದರ ಹಿಂದೆ ಒಂದೇ ಕಣ, ರೇಷನ್ ಅಂಗಡಿಯ ಪಾಳಿ.
ಸಕ್ಕರೆಯದು ದೊಡ್ಡ ಮೈ. ಉಪ್ಪಿನ ಮೈಮೇಲೆ ವಿದ್ಯುತ್ತು.
ಅವಕ್ಕೆ ಬಾಗಿಲೇ ಬೇಕು, ಬಾಗಿಲಿಗೆ ಕಾವಲೂ.

(ಒಣಗಿದ ಹಣ್ಣಿನ ಕೋಶಗಳು ಎಂದೋ ಸತ್ತಿವೆ,
ಸಿಪ್ಪೆಯೊಂದು ಕೆಲಸ ಬಿಟ್ಟಿಲ್ಲ.
ಇದನ್ನು ಪರೀಕ್ಷೆಗೆ ಕೇಳುವುದಿಲ್ಲ.)

ಮಹಾನಂದಾ ಕೈಯೆತ್ತಿದಳು:
"ನಮ್ಮವ್ವ ದ್ರಾಕ್ಷಿ ಟಬ್ಬಿನ್ಯಾಗ ಅದ್ದತಾಳ್ರಿ.
ಬಿಳಿ ಪುಡಿ, ಎಣ್ಣಿ. ಮ್ಯಾಲಿನ ಮೇಣ ಬಿರೀತದ.
ಹದಿನೈದ ದಿನದಾಗ ನೀರೆಲ್ಲಾ ಹೊರಗ.
ಅಂದ್ರ, ಹೋಗೂದೂ ಇಲ್ಲಿಂದನ, ಬರೂದೂ ಇಲ್ಲಿಂದನ?"
ಹೌದು ಅಂದೆ.
ಆ ಪುಡಿ ಅವರವ್ವನ ಬೆರಳನ್ನೂ ಬಿರಿಸಿದ್ದು ಆಮೇಲೆ ನೋಡಿದೆ.

ಆಮೇಲೆ ಎಂದರೆ ಅದೇ ಮಧ್ಯಾಹ್ನ, ಮೂರಕ್ಕೆ.
ಮಾರ್ಚಿನ ಬಿಸಿಲು, ತಗಡಿನ ಶೆಡ್ಡು, ಬೆಳಗಿನಿಂದ ಭೇದಿ.
ಉಪಕೇಂದ್ರಕ್ಕೆ ಬೀಗ.
ಇಬ್ಬರು ಹೆಂಗಸರು ಗೌರಾಬಾಯಿಯನ್ನು ಹಿಡಿದು ತಂದು
ನಮ್ಮ ವರಾಂಡದಲ್ಲಿ ಮಲಗಿಸಿದರು.
ಮುಂಗೈ ಚಿವುಟಿದೆ.
ಚರ್ಮ ಡೇರೆಯಂತೆ ನಿಂತೇ ಇತ್ತು.

ಕಾಯಿಸಿ ಆರಿಸಿದ ನೀರು, ಒಂದು ಲೀಟರು.
ಸಪಾಟು ಆರು ಚಮಚ ಸಕ್ಕರೆ. ಅರ್ಧ ಚಮಚ ಉಪ್ಪು.
"ಸಕ್ಕರಿ ಯಾಕ ದಂಡ ಮಾಡ್ತೀರಿ, ಬರೇ ನೀರು ಸಾಕು,"
ಗೌರಾಬಾಯಿ ತುಟಿ ಬಿಗಿದಳು.

"ಕುಡಿಯವ್ವ,
ಉಪ್ಪು ಒಂದ ಬಂದ್ರ ಆ ಕಾವಲುಗಾರ ಬಿಡಾಂಗಿಲ್ಲ,
ಸಕ್ಕರಿ ಒಂದ ಬಂದ್ರೂ ಬಿಡಾಂಗಿಲ್ಲ.
ಮದಿಮಕ್ಕಳಂಗ ಸೆರಗು ಗಂಟು ಹಾಕ್ಕೊಂಡು ಬರಬೇಕು.
ಅವ್ರು ಹೊಸ್ತಿಲ ದಾಟಿದ್ರ
ನೀರು ಹಿಂದಿಂದ ಬರ್ತದ, ಬೀಗರ ದಂಡಿನಂಗ."

ಬೆಳಿಗ್ಗೆ ನಾನು ಹೇಳಿದ್ದು ಇಷ್ಟು ಚೆಂದವಾಗಿರಲಿಲ್ಲ.

ಗುಟುಕು. ಮತ್ತೆ ತಡೆದು ಗುಟುಕು.
ಯಾವ ಸದ್ದೂ ಇಲ್ಲದೆ ಕರುಳಿನ ಗೋಡೆಯುದ್ದಕ್ಕೂ
ಎಷ್ಟು ಮದುವೆ, ಎಷ್ಟು ಹೊಸ್ತಿಲು,
ನಾವು ಬರೀ ಲೋಟ ಹಿಡಿದು ಕೂತಿದ್ದೆವು.
ಐದೂವರೆಗೆ ಮತ್ತೆ ಚಿವುಟಿದೆ:
ಡೇರೆ ಮಲಗಿತು, ಸಾವಕಾಶ.
ಕಣ್ಣಂಚಿನಲ್ಲಿ ತುಸು ಒದ್ದೆ.

ಎದ್ದು ಕೂತವಳು ಮೊದಲು ಕೇಳಿದ್ದು ಬಟ್ಟಲು.
ನೀರು ತೆಳುಹಳದಿಗೆ ತಿರುಗಿತ್ತು;
ಒಳಗಿನದೂ ಅಷ್ಟಿಷ್ಟು ಹೊರಗೆ ಬಂದಿತ್ತು.
"ಉಬ್ಬ್ಯಾವ ಖರೆ, ಮತ್ತ ದ್ರಾಕ್ಷಿ ಏನ ಆಗೂದಿಲ್ಲ,"
ಅಂದು, ದಿನಗೂಲಿಯ ರೂಢಿಯಂತೆ
ಬೆರಳಾಡಿಸಿ ಎಣಿಸಿದಳು. ಆರು.

"ಇನ್ನೊಂದು?"

ಅಶ್ಫಾಕ ಮಾತಾಡಲಿಲ್ಲ.
ಅವನ ಎಡಗಲ್ಲ ಉಬ್ಬಿತ್ತು.