ಚೀಲದ ತೂಕ

ಹತ್ತನೇ ಕ್ಲಾಸು, ಬಿ ವಿಭಾಗ, ಹಾಜರಿ ಸಂಖ್ಯೆ ಹದಿನೇಳು.
ಜನವರಿ ಒಂಬತ್ತರಿಂದಾಚೆಗೆ
ನನ್ನದೇ ಕೈಬರಹದಲ್ಲಿ ಗೈರು, ಗೈರು, ಗೈರು,
ರೋಬಸ್ಟಾ ಹಣ್ಣಾಗುವ ಕೆಂಪಿನಲ್ಲಿ.

ಪೂರ್ವಸಿದ್ಧತಾ ಪರೀಕ್ಷೆಯ ವೇಳಾಪಟ್ಟಿ ಜೇಬಿಗಿಟ್ಟು
ಸಿದ್ದಾಪುರದಿಂದ ನಡೆದೆ.
ರಾತ್ರಿ ಆನೆ ದಾಟಿದ ಬೇಲಿ ಬಿದ್ದೇ ಇತ್ತು.
ಲೈನ್‌ಮನೆಗಳಿಗೆ ಬೀಗ. ಒಂದರ ಮುಂದೆ
ತಮ್ಮನನ್ನು ಸೊಂಟಕ್ಕೇರಿಸಿಕೊಂಡ ಪುಟ್ಟವಳು
"ಎಲ್ಲಾರೂ ಕುಯ್ಯೋಕೆ ಹೋಗವ್ರೆ" ಎಂದಳು,
ನಾನು ಕೇಳುವ ಮೊದಲೇ.

ತೋಟದ ಗೇಟಿಗೆ ಹಸಿರು ಬೋರ್ಡು:
ಇಲ್ಲಿ ಮಕ್ಕಳನ್ನು ದುಡಿಸಿಕೊಳ್ಳುವುದಿಲ್ಲ.
ರೈಟರು ಪುಸ್ತಕ ನನ್ನ ಕಡೆ ತಿರುಗಿಸಿದರು.
ಪಣಿಎರವರ ಕರ್ಪಿ, ನೂರಾ ಹದಿನಾಲ್ಕು ಕೇಜಿ.
"ಜಾಜಿ ಅಂತ ಯಾರೂ ಇಲ್ಲ ಮೇಷ್ಟ್ರೇ, ನೀವೇ ನೋಡಿ."
ನೋಡಿದೆ. ಇರಲಿಲ್ಲ.
ಒಬ್ಬ ಹೆಂಗಸು ಒಂದೇ ದಿನ ಅಷ್ಟು ಕುಯ್ಯಬಲ್ಲಳೇ
ಎಂದು ನಾನೂ ಕೇಳಲಿಲ್ಲ.
ಕಾಫಿ ಕೊಟ್ಟರು. ಕುಡಿದೆ.

ತೂಕದ ಸಾಲಿನಲ್ಲಿ, ತುಂಬಿದ ಚೀಲದ ಮೇಲೆ ಕೂತಿದ್ದಳು.
ಅಪ್ಪನ ತುಂಬುತೋಳಿನ ಅಂಗಿ, ಚಗಳಿ ಕಚ್ಚಿದ ಕತ್ತು,
ಅಂಟು ಹಿಡಿದು ಕಪ್ಪಾದ ಬೆರಳು.
ನನ್ನ ಕಂಡು ತಟ್ಟನೆ ಎದ್ದು ನಿಂತಳು,
ಕ್ಲಾಸಿನಲ್ಲಿ ನಿಂತ ಹಾಗೆ.

"ಸಾರ್, ಚೀಲಕ್ಕೆ ಅಂತ ಎರಡು ಕೇಜಿ ಕಳೀತಾರೆ.
ಖಾಲಿ ಚೀಲ ನಾನೇ ತೂಗಿದೆ, ಮುಕ್ಕಾಲು ಕೇಜಿ.
ಗೊತ್ತಿಲ್ಲದ್ದನ್ನ ಎಕ್ಸ್ ಅಂತ ಹಿಡ್ಕೊಳ್ಳಿ ಅಂದಿದ್ರಲ್ಲ, ಹಿಡ್ಕೊಂಡೆ.
ದಿನಕ್ಕೆ ಮೂರು ಚೀಲ. ಕೇಜಿಗೆ ಆರು ರೂಪಾಯಿ.
ನಲವತ್ತು ದಿನಕ್ಕೆ ಒಂಬೈನೂರು ಸಾರ್."

ಒಂದು ಹಂತವನ್ನೂ ಬಿಟ್ಟಿರಲಿಲ್ಲ.
ತೂಕದ ಮನೆಯ ಸಿಮೆಂಟು ಕಂಬದ ಮೇಲೆ
ಇದ್ದಿಲಲ್ಲಿ ಬರೆದಿದ್ದಳು,
ಉತ್ತರಕ್ಕೆ ಎರಡು ಗೆರೆ ಎಳೆದು.

"ರೈಟರಿಗೆ ಹೇಳಿದೆಯಾ?"
"ಚೀಲ ಅಮ್ಮನ ಹೆಸರಲ್ಲಿದೆ ಸಾರ್.
ನಾನಿಲ್ಲ."

ವೇಳಾಪಟ್ಟಿ ಕೊಟ್ಟೆ.
ಬೆರಳು ಅಂಗಿಗೆ ಒರೆಸಿ ತೆಗೆದುಕೊಂಡಳು.
ಸೋಮವಾರ ಗಣಿತ, ಎಂದೆ.
ಸೋಮವಾರ ಮೇಲಿನ ಬ್ಲಾಕು, ಎಂದಳು.

ಸೋಮವಾರ
ಹದಿನೇಳರ ಬೆಂಚಿನ ಮೇಲೆ ಪ್ರಶ್ನೆಪತ್ರಿಕೆ ಇಟ್ಟು
ಅರ್ಧ ಗಂಟೆ ಕಾದೆ. ನಿಯಮ ಇರುವುದು ಅಷ್ಟೇ.
ವಾಪಸು ಮಡಿಚುವಾಗ ಕಣ್ಣಿಗೆ ಬಿತ್ತು ನಾಲ್ಕನೇ ಪ್ರಶ್ನೆ,
ನಾನೇ ತಯಾರಿಸಿದ್ದು, ನವೆಂಬರಿನಲ್ಲಿ, ಆರಾಮಾಗಿ ಕೂತು:
ಒಬ್ಬ ವರ್ತಕನ ಬಳಿ ಕೆಲವು ಚೀಲ ಕಾಫಿ ಇದೆ...
ಕೊನೆಗೊಂದು ಸೂಚನೆ, ಮಕ್ಕಳಿಗೆ ಸುಲಭವಾಗಲೆಂದು:
ಚೀಲದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ.